ಅರಕಲಗೂಡು ಬಸ್ಸೂ ನಾಲ್ಕನೇ ಚರಣವೂ

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅರಕಲಗೂಡು ಅಂತ ಬೋರ್ಡು ಹಾಕಿಕೊಂಡ ಬಸ್ಸು ಕಣ್ಣಿಗೆ ಬಿದ್ದರೆ ಸಾಕು, ನನ್ನ ಬಾಯಲ್ಲಿ ತಾನಾಗಿಯೇ ಒಂದು ಹಾಡು ಶುರುವಾಗುತ್ತದೆ. ಅದೂ ಮೊದಲಿನಿಂದಲ್ಲ, ನೇರವಾಗಿ ನಾಲ್ಕನೇ ಚರಣದಿಂದ. ಇವತ್ತೂ ಹಾಗೇ ಆಯಿತು. ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ತೊಡೆಯ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡು ಕೂತವನು ಯಾವಾಗ ಗುನುಗಲು ಶುರು ಮಾಡಿದೆನೋ ನನಗೇ ಗೊತ್ತಿಲ್ಲ. ಪಕ್ಕದ ಸೀಟಿನ ಯಜಮಾನರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ನನ್ನ ಕಿವಿಯಲ್ಲಿ ವೈರು ಗಿಯರು ಏನಾದರೂ ಇದೆಯೇ ಎಂದು ನೋಡಿದರು. ಇಲ್ಲವೆಂದು ಖಾತ್ರಿಯಾದ ಮೇಲೆ ಸ್ವಲ್ಪ ಆಚೆಗೆ ಸರಿದು ಕೂತರು. ಅವರದೇನೂ ತಪ್ಪಿಲ್ಲ. ತಲೆ ನರೆತ ಮನುಷ್ಯ ಒಂದೇ ಚರಣವನ್ನು ಮತ್ತೆ ಮತ್ತೆ ಹಾಡುತ್ತಿದ್ದರೆ ಯಾರಾದರೂ ಸರಿದೇ ಕೂರುತ್ತಾರೆ.

ಬಸ್ಸು ಹೊರಡಲು ಇನ್ನೂ ಹೊತ್ತಿದೆ. ಕಂಡಕ್ಟರು ಕೆಳಗೆ ನಿಂತು ಟೀ ಕುಡಿಯುತ್ತಿದ್ದಾನೆ. ಅಷ್ಟರಲ್ಲಿ ನಿಮಗೆ ಈ ಹಾಡಿನ ಸಮಾಚಾರ ಹೇಳಿಬಿಡುತ್ತೇನೆ.

ಹಾಸನದಲ್ಲಿ ನಮ್ಮದೊಂದು ಹಳೇ ಚರ್ಚಿದೆ. ಮಂಗಳೂರು ಹೆಂಚಿನ ಮಾಡು, ದಪ್ಪ ಗೋಡೆ, ಮುಂದೆ ಅಗಲವಾದ ಕಲ್ಲಿನ ಮೆಟ್ಟಿಲು, ಅಂಗಳದಲ್ಲಿ ಒಂದು ಹುಣಸೇಮರ. ಎಷ್ಟು ಹಳೆಯದು ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಯಿಂದಾಗಿಯೇ ಈಚೆಗೆ ನನ್ನ ನಿದ್ದೆ ಕೆಟ್ಟಿರುವುದು. ಹೋದ ವರ್ಷ ಹೊಸದಾಗಿ ಬಂದ ಅಯ್ಯನವರು (ನಮ್ಮಲ್ಲಿ ಪಾದ್ರಿಗಳನ್ನು ಕರೆಯುವುದು ಹಾಗೆ) ವಾರ್ಷಿಕೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರಬೇಕೆಂದು ಹೊರಟರು. ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು, ನಗುಮುಖ, ಕೆಲಸದಲ್ಲಿ ಚುರುಕು. ಒಂದು ದಿನ ಮನೆಗೇ ಬಂದು, ಕಾಫಿ ಕುಡಿದು, ಲೋಟ ಕೆಳಗಿಡುತ್ತಾ, "ಸಭೆಯ ಇತಿಹಾಸ ನೀವೇ ಬರೆದುಕೊಡಬೇಕು ಸರ್. ಒಂದೇ ಒಂದು ಪುಟ" ಅಂದರು. ಸಭೆ ಎಂದರೆ ಚರ್ಚಿಗೆ ಸೇರಿದ ಜನ, ನಾವು ನಾವೇ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನಿಗೆ ನಿವೃತ್ತಿಯ ನಂತರ ಸಿಗುವ ಶಿಕ್ಷೆ ಇದು. ಮದುವೆಯ ಲಗ್ನಪತ್ರಿಕೆ, ಬೀಳ್ಕೊಡುಗೆಯ ಸನ್ಮಾನ ಪತ್ರ, ತೀರಿಕೊಂಡವರ ಗುಣಗಾನ ಎಲ್ಲ ನನ್ನ ಪಾಲಿಗೇ ಬರುತ್ತವೆ. ಬದುಕಿದ್ದಷ್ಟು ದಿನ ಯಾರೊಂದಿಗೂ ನೆಟ್ಟಗೆ ಮಾತಾಡದವರನ್ನು 'ಸ್ನೇಹಜೀವಿ' ಎಂದು ಬರೆದು ಬರೆದು ಕೈ ಪಳಗಿಬಿಟ್ಟಿದೆ. ಹಾಗಾಗಿ ಇತಿಹಾಸವೇನು ಮಹಾ ಎಂದು ಒಪ್ಪಿಕೊಂಡೆ.

ಆದರೆ ಹಿರಿಯರನ್ನು ಕೇಳಲು ಹೋದರೆ ಒಬ್ಬರಿಗೂ ಅಡಿಗಲ್ಲಿಟ್ಟವರು ಯಾರೆಂದು ಗೊತ್ತಿಲ್ಲ. ಎಲ್ಲರಿಗೂ ಗೊತ್ತಿರುವುದು ಜೇನುಹುಳದ ಕಥೆ. ಒಂದು ಗರಿಗಳ ಭಾನುವಾರ ಮಕ್ಕಳೆಲ್ಲ ತೆಂಗಿನ ಗರಿ ಬೀಸುತ್ತಾ ಮೆರವಣಿಗೆ ಹೊರಟಿದ್ದರಂತೆ. ಯಾವನದೋ ಗರಿ ಹುಣಸೇಮರದ ಜೇನುಗೂಡಿಗೆ ತಾಗಿತಂತೆ. ಆಗಿನ ಅಯ್ಯನವರು ಬಿಳೀ ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಓಡಿ, ಮೊದಲು ಒಳಗೆ ಸೇರಿದರಂತೆ. "ಅಷ್ಟು ಬೇಗ ಮುಗಿದ ಮೆರವಣಿಗೆ ಇನ್ನೊಂದಿಲ್ಲ" ಎಂದು ಹೇಳಿ ಹಿರಿಯರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಇದನ್ನು ಬರೆದರೆ ಸ್ಮರಣ ಸಂಚಿಕೆಗೆ ಸಂದೇಶ ಕಳಿಸಿರುವ ದೊಡ್ಡವರು ಏನೆಂದುಕೊಂಡಾರು? ಬರೆಯದಿದ್ದರೆ ಇನ್ನೇನನ್ನು ಬರೆಯಲಿ?

ಇತಿಹಾಸ ಎಂದರೆ ನನಗೆ ನೆನಪಾಗುವುದು ತಿಂಗಳ ಮೊದಲನೇ ಭಾನುವಾರ. ಆಗ ಸುತ್ತಲ ತಾಲ್ಲೂಕುಗಳಲ್ಲಿ ನಮ್ಮ ಜನ ಅಲ್ಲೊಂದು ಮನೆ, ಇಲ್ಲೆರಡು ಮನೆ ಇದ್ದರು. ಉಳಿದ ವಾರ ಯಾರದಾದರೂ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು. ಆದರೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರಕ್ಕೆ ಅಯ್ಯನವರು ಬೇಕು, ಅಯ್ಯನವರು ಇದ್ದದ್ದು ಹಾಸನದಲ್ಲಿ. ಹೀಗಾಗಿ ಮೊದಲನೇ ಭಾನುವಾರ ಎಲ್ಲರೂ ಬರುತ್ತಿದ್ದರು. ಹೊಳೆನರಸೀಪುರದವರು ರೈಲಿನಲ್ಲಿ ಬಂದು ತೀರಾ ಬೇಗ ಇಳಿದುಬಿಡುವರು. ಹುಣಸೇಮರದ ಕೆಳಗೆ ಕೂತು ಬುತ್ತಿ ಬಿಚ್ಚಿ, ಚಿತ್ರಾನ್ನ ತಿಂದು, ಅಲ್ಲೇ ಒಂದು ಸಣ್ಣ ನಿದ್ದೆಯನ್ನೂ ತೆಗೆಯುವರು. ಚನ್ನರಾಯಪಟ್ಟಣದವರು ಶಾಂತಿಗ್ರಾಮದ ಮೇಲೆ ಬರುವ ಬಸ್ಸಿನಲ್ಲಿ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿರುವರು. ಆ ಅಭಿಮಾನ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಮೊಸಳೆ ಎಂಬ ಹಳ್ಳಿಯ ಕಡೆಯ ಒಂದು ಕುಟುಂಬ ಒಂದೇ ಸೈಕಲ್ಲಿನಲ್ಲಿ ಬರುತ್ತಿತ್ತು. ಎಷ್ಟು ಜನ ಎಂದು ಹೇಳಿದರೆ ನೀವು ನಂಬುವುದಿಲ್ಲ. ಇವರೆಲ್ಲರಿಗಿಂತ ತಡವಾಗಿ ಬರುತ್ತಿದ್ದವರು ಚರ್ಚಿನ ಹಿಂದಿನ ಬೀದಿಯಲ್ಲೇ ಮನೆಯಿದ್ದ ನಾವು ಹಾಸನದವರು.

ಉಳಿದದ್ದು ಅರಕಲಗೂಡಿನವರು. ಅವರಿಗೆ ಇದ್ದದ್ದು ಒಂದೇ ಬಸ್ಸು. ಅದು ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು, ಕೋಳಿ ಬುಟ್ಟಿ, ತರಕಾರಿ ಮೂಟೆ ಎಲ್ಲವನ್ನೂ ಟಾಪಿಗೇರಿಸಿಕೊಂಡು, ತನಗೆ ತೋಚಿದಾಗ ಹಾಸನ ಸೇರುತ್ತಿತ್ತು. ಅಲ್ಲಿಂದ ಅವರು ಚರ್ಚಿಗೆ ನಡೆದು ಬರಬೇಕು. ಬರುವವರೆಲ್ಲ ಗಾರೆ ಕೆಲಸದವರು, ಕೂಲಿಯವರು. ಹೆಂಗಸರು ಭುಜದ ಮೇಲೆ ಮಗು ಹೊತ್ತು, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಓಡುನಡಿಗೆಯಲ್ಲಿ ಬರುತ್ತಿದ್ದ ಚಿತ್ರ ಇನ್ನೂ ನನ್ನ ಕಣ್ಣ ಮುಂದಿದೆ. ಆದರೆ ನನಗೆ ತಿಳಿವಳಿಕೆ ಬಂದಾಗಿನಿಂದ ಅವರು ಒಮ್ಮೆಯೂ ಆರಾಧನೆಗೆ ತಡವಾಗಿ ಬಂದದ್ದಿಲ್ಲ. ಅದು ಹೇಗೆಂದು ಹೇಳುತ್ತೇನೆ.

ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ ಜೀವರತ್ನಮ್ಮ. ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಹಾರ್ಮೋನಿಯಂ ಒಪ್ಪಲಿಲ್ಲ" ಅನ್ನುತ್ತಿದ್ದಳು. ಕಾಲಿನಿಂದ ತಿದಿ ಒತ್ತುವ ದೊಡ್ಡ ಹಾರ್ಮೋನಿಯಂ ಅದು. ಉಸಿರೆಳೆದಾಗ ಉಬ್ಬಸದವರಂತೆ ಸದ್ದು ಮಾಡುತ್ತಿತ್ತು. ಒಂದು ಇಲಿ ಒಳಗೆ ಸಂಸಾರ ಹೂಡಿ ಏನು ಕಡಿದು ಹಾಕಿತ್ತೋ, ಒಂದು ಕೀಲಿಯಿಂದ ಸ್ವರವೇ ಹೊರಡುತ್ತಿರಲಿಲ್ಲ. ಆ ಸ್ವರ ಬಂದಾಗಲೆಲ್ಲ ದೊಡ್ಡಮ್ಮ ತಾನೇ ಗಟ್ಟಿಯಾಗಿ ಹಾಡಿ ತುಂಬಿಸುತ್ತಿದ್ದಳು. ಹೊಸಬರು ಅದು ಯಾಕೆಂದು ತಿಳಿಯದೆ ಬೆಚ್ಚಿಬೀಳುತ್ತಿದ್ದರು.

ಹಾರ್ಮೋನಿಯಂ ಇದ್ದದ್ದು ಗೇಟಿಗೆ ಎದುರಾಗಿದ್ದ ಕಿಟಕಿಯ ಪಕ್ಕ. ಮೊದಲನೇ ಭಾನುವಾರ ಆರಾಧನೆ ಶುರುವಾಗುವುದು ಬೆಳಗಿನ ಸ್ತುತಿಯ ಹಾಡಿನಿಂದ. ಹಾಡಿಗೆ ನಾಲ್ಕು ಚರಣ. ಎಲ್ಲರೂ ಎದ್ದು ನಿಂತು ಹಾಡುವುದು. ದೊಡ್ಡಮ್ಮ ಮೂರು ಚರಣ ಸರಿಯಾಗಿ ನುಡಿಸಿ, ನಾಲ್ಕನೆಯದಕ್ಕೆ ಬಂದಾಗ ಕತ್ತು ತಿರುಗಿಸಿ ಕಿಟಕಿಯಾಚೆ ನೋಡುವಳು. ಗೇಟಿನಲ್ಲಿ ಅರಕಲಗೂಡಿನವರು ಕಾಣದಿದ್ದರೆ ನಾಲ್ಕನೇ ಚರಣ ಮತ್ತೊಮ್ಮೆ. ಆಗಲೂ ಕಾಣದಿದ್ದರೆ ಇನ್ನೊಮ್ಮೆ. ಅವರೆಲ್ಲ ಮೆಟ್ಟಿಲು ಹತ್ತಿ, ಒಳಗೆ ಬಂದು, ನಿಂತು, ಒಂದು ಸಾಲನ್ನಾದರೂ ಹಾಡಿದ ಮೇಲೆಯೇ ಅವಳ ಕಾಲು ತಿದಿ ಬಿಡುತ್ತಿದ್ದದ್ದು.

ಈ ಪದ್ಧತಿ ಹುಟ್ಟಿದ್ದು ಹೇಗೆಂದು ಅವಳೇ ಒಮ್ಮೆ ಹೇಳಿದ್ದಳು. ಅವರೆಕಾಯಿ ಕಾಲ. ನೆನೆಸಿದ ಅವರೆಕಾಳನ್ನು ಹಿತುಕುತ್ತಾ ಕೂತಿದ್ದಳು. ಕಾಳು ಸಿಪ್ಪೆಯಿಂದ ಜಾರಿ ತಟ್ಟೆಗೆ ಬೀಳುತ್ತಿತ್ತು, ಅಷ್ಟೇ ಸಲೀಸಾಗಿ ಕಥೆಯೂ ಬಂತು.

"ನಾನು ಹಾರ್ಮೋನಿಯಂ ಹಿಡಿದ ಹೊಸದು ಕಣೋ. ಆಗಿನ ಅಯ್ಯನವರು ಬಹಳ ಟೈಮಿನವರು. ಜೇಬಿನಲ್ಲಿ ಗಡಿಯಾರ. ಪಾಪನಿವೇದನೆಯ ಪ್ರಾರ್ಥನೆ ಶುರುವಾದ್ರೆ ಬಾಗಿಲು ಮುಚ್ಚಿಸಿಬಿಡೋರು. ಅವತ್ತು ಸಮುವೇಲಪ್ಪನ ಮಗೂಗೆ ದೀಕ್ಷಾಸ್ನಾನ. ಅರಕಲಗೂಡಿನ ಸಮುವೇಲಪ್ಪ, ಗೊತ್ತಲ್ಲ, ಗಾರೆ ಕೆಲಸದೋರು. ಬಸ್ಸು ತಡವಾಯ್ತು. ಇವ್ರು ಬರೋಷ್ಟ್ರಲ್ಲಿ ಬಾಗಿಲು ಹಾಕಿಬಿಟ್ಟಿತ್ತು."

"ಆಮೇಲೆ?"

"ಆಮೇಲೇನು, ಮೆಟ್ಟಿಲ ಮೇಲೆ ನಿಂತ್ಕೊಂಡ್ರು. ಹೊಸಾ ಬಟ್ಟೆ ಹಾಕ್ಕೊಂಡು, ಬಿಸಿಲಲ್ಲಿ. ನನಗೆ ಕಿಟಕೀಲಿ ಕಾಣ್ತಿತ್ತು. ಒಳಗೆ ನಾವೆಲ್ಲ ತಲೆ ಬಗ್ಗಿಸ್ಕೊಂಡು ತಪ್ಪಾಯ್ತು ದೇವರೇ ಅಂತಿದೀವಿ, ಹೊರಗೆ ಮಗು ಅಳ್ತಿದೆ. ಪ್ರಾರ್ಥನೆ ಮುಗಿದು ಬಾಗಿಲು ತೆಗೆದಾಗ ಇಡೀ ಚರ್ಚು ತಿರುಗಿ ನೋಡ್ತು ನೋಡು, ಆ ಹೆಣ್ಣುಮಗಳು ಸೆರಗು ಮುಖದ ಮೇಲೆ ಎಳ್ಕೊಂಡು ಒಳಗೆ ಬಂದ್ಳು. ತನ್ನ ಮಗೂನ ದೀಕ್ಷಾಸ್ನಾನಕ್ಕೆ ಕಳ್ಳಿ ಥರ ಬರ್ಬೇಕಾಯ್ತಲ್ಲೋ."

ದೀಕ್ಷಾಸ್ನಾನವೇನೋ ಆಯಿತು. ಆದರೆ ಮುಂದಿನ ತಿಂಗಳ ಮೊದಲನೇ ಭಾನುವಾರ ದೊಡ್ಡಮ್ಮ ನಾಲ್ಕನೇ ಚರಣ ಮುಗಿದ ಮೇಲೆ ನಿಲ್ಲಿಸಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾರ್ಮೋನಿಯಂ ನಡೆಯುತ್ತಿದೆಯಲ್ಲ ಎಂದು ಹಾಡಿದರು. ಆರಾಧನೆ ಮುಗಿದ ಮೇಲೆ ಅಯ್ಯನವರು ಕರೆಸಿ, ಗಡಿಯಾರದ ಸರಪಣಿ ಸವರುತ್ತಾ ಕೇಳಿದರಂತೆ, "ರತ್ನಮ್ಮನವರೇ, ಆ ಹಾಡಿಗೆ ನಾಲ್ಕೇ ಚರಣ ಅಲ್ಲವೇ?"

"ಹೌದು ಅಯ್ಯನವರೇ, ನಾಲ್ಕೇ. ಐದನೇದು ನಾನು ನುಡಿಸೇ ಇಲ್ಲವಲ್ಲ."

ಅಯ್ಯನವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರಂತೆ. ಅದಾದ ಮೇಲೆ ಬಾಗಿಲು ಮುಚ್ಚುವುದು ನಿಂತಿತು, ನಾಲ್ಕನೇ ಚರಣ ಶುರುವಾಯಿತು.

ಪ್ರಾರ್ಥನೆಯನ್ನೇ ತಡಮಾಡಿ ಶುರು ಮಾಡಬಹುದಿತ್ತಲ್ಲ, ಹಾಡನ್ನೇ ಯಾಕೆ ಎಳೆದೆ ಎಂದು ನಾನು ಕೇಳಿದ್ದೆ. ದೊಡ್ಡಮ್ಮ ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನು ನೋಡಿದಳು. "ಸುಮ್ನೆ ಕೂತು ಕಾದ್ರೆ ಕಾದಿದ್ದು ಗೊತ್ತಾಗಲ್ವೇನೋ? ಹಾಡುವಾಗ ಎಲ್ಲ ನಿಂತಿರ್ತಾರೆ. ನಿಂತೋರ ಮಧ್ಯೆ ಬಂದು ನಿಂತ್ಕೊಂಡ್ರೆ ಯಾರು ಯಾವಾಗ ಬಂದ್ರು ಅಂತ ಯಾರಿಗೆ ತಿಳಿಯತ್ತೆ? ತಿರುಗಿ ನೋಡೋರು ಇರಲ್ಲ" ಅಂದಳು. ಅಂದು ನನಗೆ ಅದು ಅವಳ ಜಾಣತನ ಅನ್ನಿಸಿತ್ತು. ಅದು ಜಾಣತನ ಮಾತ್ರವಲ್ಲ ಎಂದು ತಿಳಿಯಲು ನನ್ನ ತಲೆ ನರೆಯಬೇಕಾಯಿತು.

ನಾನು ಹುಡುಗನಾಗಿದ್ದಾಗ ಒಂದು ಭಾನುವಾರ ಆ ಬಸ್ಸು ಕೆಟ್ಟು ನಿಂತಿತು. ನಮಗೇನು ಗೊತ್ತು? ಹಾಡುತ್ತಲೇ ಇದ್ದೆವು. ನಾಲ್ಕನೇ ಚರಣ ಹಾಡಿ ಹಾಡಿ ಗಂಡಸರ ದನಿ ಕಟ್ಟಿತು. ಹೆಂಗಸರು ಸರದಿಯ ಮೇಲೆ ಹಾಡತೊಡಗಿದರು. ಚನ್ನರಾಯಪಟ್ಟಣದ ಒಬ್ಬ ಹಿರಿಯರು ನಿಂತಲ್ಲೇ ತೂಕಡಿಸಿ ಮುಂದಿನವರ ಬೆನ್ನಿಗೆ ಒರಗಿದರು. ನಾವು ಹುಡುಗರು ಸಾಲಿಗೊಂದು ಹೊಸ ರಾಗ ಸೇರಿಸಿ ದೊಡ್ಡಮ್ಮನಿಂದ ಕಣ್ಣಲ್ಲೇ ಏಟು ತಿಂದೆವು. ಕೊನೆಗೆ ಗೇಟಿನ ಮುಂದೆ ಒಂದು ಆಲೂಗೆಡ್ಡೆ ಲಾರಿ ನಿಂತಿತು. ಅದರ ಹಿಂದಿನಿಂದ ಅರಕಲಗೂಡಿನವರೆಲ್ಲ ಒಬ್ಬೊಬ್ಬರಾಗಿ ಇಳಿದರು. ಬಿಳೀ ಪಂಚೆ, ರೇಷ್ಮೆ ಸೀರೆ ಎಲ್ಲಕ್ಕೂ ಕೆಂಪು ಮಣ್ಣು. ಸಮುವೇಲಪ್ಪ ಬಾಗಿಲಲ್ಲಿ ನಿಂತು, ತಲೆಯ ಟವಲು ತೆಗೆದು, ಏದುಸಿರಿನಲ್ಲೇ ಕೇಳಿದರು. "ತಪ್ಪಾಯ್ತು ಟೀಚರಮ್ಮ, ಬಸ್ಸು ಕೆಟ್ಟೋಯ್ತು. ಇನ್ನೂ ಸುರು ಆಗಿಲ್ವಾ?"

ಹಾರ್ಮೋನಿಯಂ ನಿಂತಿತು. ದೊಡ್ಡಮ್ಮ ಸೆರಗಿನಿಂದ ಹಣೆ ಒರೆಸಿಕೊಂಡು ಹೇಳಿದಳು. "ಎಲ್ಲಿ ಶುರು ಸಮುವೇಲಪ್ಪ, ನಾವೂ ಈಗ್ತಾನೆ ಬಂದ್ವಿ."

ಗಂಟಲು ಬಿದ್ದುಹೋಗಿದ್ದ ಇಡೀ ಸಭೆ ಹೋ ಎಂದು ನಕ್ಕಿತು. ಆ ನಗುವಿನಲ್ಲಿ ಅರಕಲಗೂಡಿನವರೂ ಸೇರಿಕೊಂಡರು. ಅವತ್ತು ಎಂದಿನಂತೆ ಹಿಂದುಗಡೆ ತಮಗೆಂದು ಹಾಸಿದ್ದ ಜಮಖಾನದ ಮೇಲೆ ಕೂರಲು ಹೊರಟವರನ್ನು ಮುಂದಿನ ಬೆಂಚುಗಳವರು ಸರಿದು ಜಾಗ ಮಾಡಿ ಕೂರಿಸಿಕೊಂಡರು. ಮುಂದಿನ ತಿಂಗಳು ಆ ಜಮಖಾನವನ್ನು ಯಾರೂ ಹಾಸಲಿಲ್ಲ. ಯಾರೂ ಅದರ ಬಗ್ಗೆ ನಿರ್ಣಯ ಮಾಡಿದ್ದಲ್ಲ, ಭಾಷಣ ಮಾಡಿದ್ದಲ್ಲ. ಬಟ್ಟೆಗೆ ಹತ್ತಿದ್ದ ಮಣ್ಣು ಮಾತ್ರ ಆ ಬೆಂಚುಗಳಲ್ಲಿ ಕೂತವರಿಗೆಲ್ಲ ಸಮನಾಗಿ ಹಂಚಿಕೆಯಾಯಿತು.

ಹೀಗೆ ಬೆಳೆದ ನಮಗೆ ಆ ಹಾಡಿನ ಎರಡನೇ ಚರಣ ಪುಸ್ತಕ ನೋಡದೆ ಬರುವುದಿಲ್ಲ, ನಾಲ್ಕನೆಯದು ನಿದ್ದೆಯಲ್ಲೂ ಬರುತ್ತದೆ. ಬಿ.ಎಡ್. ಓದಲು ಮೈಸೂರಿಗೆ ಹೋದಾಗ ಅಲ್ಲಿನ ದೊಡ್ಡ ಚರ್ಚೊಂದರಲ್ಲಿ ಇದೇ ಹಾಡು ಬಂತು. ಊರು ಸಿಕ್ಕಷ್ಟು ಸಂತೋಷವಾಗಿ ಎದೆ ತುಂಬಿ ಹಾಡಿದೆ. ನಾಲ್ಕನೇ ಚರಣ ಮುಗಿಯಿತು. ಎಲ್ಲರೂ ನಿಲ್ಲಿಸಿದರು, ನಾನೊಬ್ಬ ಎರಡನೇ ಸಲಕ್ಕೆ ಹೊರಟುಬಿಟ್ಟೆ. ಆ ವಿಶಾಲವಾದ ಚರ್ಚಿನಲ್ಲಿ ನನ್ನ ಒಂಟಿ ದನಿ ಒಂದು ಸುತ್ತು ಹೊಡೆದು ನನ್ನ ಹತ್ತಿರವೇ ವಾಪಸು ಬಂತು. ಎಲ್ಲರೂ ತಿರುಗಿ ನೋಡಿದರು. ಹೊರಗೆ ಬಂದಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಹಾಸನದವನೇನಪ್ಪಾ?" ಅಂದರು. ಅವರ ಸೊಸೆಯೂ ನಮ್ಮ ಊರಿನವಳೇ ಅಂತೆ, ಮದುವೆಯ ಹೊಸದರಲ್ಲಿ ಅವಳೂ ಹೀಗೇ ಮಾಡಿದ್ದಳಂತೆ.

ಈಗ ಕಾಲ ಬದಲಾಗಿದೆ. ಅರಕಲಗೂಡಿನಲ್ಲಿ ಪ್ರತಿ ಮನೆಗೂ ಬೈಕುಂಟು, ಕೆಲವರಿಗೆ ಕಾರೂ ಉಂಟು. ಅಂದು ಮೆಟ್ಟಿಲ ಮೇಲೆ ಅತ್ತಿದ್ದ ಆ ಮಗು ಪ್ರಭಾಕರ ಈಗ ಕರೆಂಟಿನ ಕಂಟ್ರಾಕ್ಟರು. ಅವನ ಕೊನೇ ಮಗಳು ಪ್ರೇರಣಾ ಹಾಸನದಲ್ಲಿ ನರ್ಸಿಂಗ್ ಓದುತ್ತಾ ನಮ್ಮ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಾಳೆ. ದೊಡ್ಡಮ್ಮನೇ ಕಲಿಸಿದ್ದು. ಆ ಕೀಬೋರ್ಡಿನಲ್ಲಿ ಎಲ್ಲ ಸ್ವರಗಳೂ ಬರುತ್ತವೆ. ಆದರೂ ಆ ಒಂದು ಸ್ವರ ಬಂದಾಗ ಪ್ರೇರಣಾ ಗಟ್ಟಿಯಾಗಿ ಹಾಡುತ್ತಾಳೆ. ಪಾಠದ ಜೊತೆಗೆ ಅದೂ ಬಂದಿದೆ. ಬಸ್ಸಿಗೆ ಕಾಯುವ ಕೆಲಸ ತಪ್ಪಿದರೂ ಮೊದಲನೇ ಭಾನುವಾರ ನಾಲ್ಕನೇ ಚರಣವನ್ನು ಎಳೆಯುವುದು ಮಾತ್ರ ತಪ್ಪಿರಲಿಲ್ಲ.

ಹೊಸ ಅಯ್ಯನವರಿಗೆ ಇದು ಬಿಡಿಸಲಾರದ ಒಗಟಾಯಿತು. ಕಮಿಟಿಯಲ್ಲಿ ಕೇಳಿದರು. ನಾವು ಬಸ್ಸಿನ ಕಥೆ ಹೇಳಿದೆವು. ನಕ್ಕರು, ಬಹಳ ಚೆನ್ನಾಗಿದೆ ಅಂದರು, ಆಮೇಲೆ ಮೆತ್ತಗೆ, "ಆದರೆ ಈಗ ಆ ಬಸ್ಸಿಗೆ ಯಾರೂ ಬರೋದಿಲ್ಲವಲ್ಲ?" ಅಂದರು. ಅವರ ಮಾತೂ ನ್ಯಾಯವೇ. ನಮ್ಮ ಆರಾಧನೆಯ ನಂತರ ಅದೇ ಕಟ್ಟಡದಲ್ಲಿ ತಮಿಳು ಆರಾಧನೆ. ಪಾಪ, ಅವರು ಹುಣಸೇಮರದ ಕೆಳಗೆ ಮಕ್ಕಳನ್ನು ಕಟ್ಟಿಕೊಂಡು ಕಾಯಬೇಕು. ನಮಗೆ ಕಾಯುವ ಪುಣ್ಯ, ಅವರಿಗೆ ಕಾಯುವ ಕರ್ಮ. ಕೊನೆಗೆ ಮುಂದಿನ ತಿಂಗಳಿಂದ ಹಾಡನ್ನು ಒಂದೇ ಸಲ ಹಾಡುವುದೆಂದು ತೀರ್ಮಾನವಾಯಿತು.

ದೊಡ್ಡಮ್ಮ ಈಗ ನಮ್ಮ ಮನೆಯಲ್ಲಿಯೇ ಇರುವುದು. ಮಂಡಿಯ ಆಪರೇಷನ್ ಆಗಿ ಕೆಲವು ತಿಂಗಳಿಂದ ಚರ್ಚಿಗೆ ಹೋಗಿರಲಿಲ್ಲ. ಆ ಮೊದಲನೇ ಭಾನುವಾರ ಅವಳನ್ನು ಕರೆದುಕೊಂಡು ಹೋಗುವುದೆಂದು ಮನೆಯಲ್ಲಿ ಎಲ್ಲರೂ ಹುರುಪಿನಲ್ಲಿದ್ದೆವು. ಕಮಿಟಿಯ ತೀರ್ಮಾನವನ್ನು ಹೇಳಲೋ ಬೇಡವೋ ಎಂದು ಹಿಂದೆಮುಂದೆ ನೋಡಿ ಹೇಳಿದೆ.

"ನಿಲ್ಲಿಸ್ಲಿ ಬಿಡು" ಅಂದಳು. "ಬಸ್ಸೇ ಇಲ್ದ ಮೇಲೆ ಯಾಕೆ ಹಾಡ್ಬೇಕು?"

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ ಹೇಳಿದಳು. "ನಾನು ಬರಲ್ಲ ಕಣೋ. ಈ ವಾಕರ್ ಇಟ್ಕೊಂಡು ಟಕ್ ಟಕ್ ಅಂತ ನಾನು ಬಾಗಿಲಿಗೆ ಬರೋಷ್ಟ್ರಲ್ಲಿ ಪ್ರಾರ್ಥನೆ ಶುರುವಾಗಿರತ್ತೆ. ಎಲ್ಲರೂ ತಿರುಗಿ ನೋಡ್ತಾರೆ. ನಂಗೆ ಅದು ಬೇಡ. ಮನೇಲೇ ದೇವರಿದ್ದಾನೆ."

ಇದನ್ನು ಕೇಳಿ ನನಗೆ ಸಂಕಟವಾಯಿತು. ದೇವರು ಮನೆಯಲ್ಲಿಯೂ ಇದ್ದಾನೆ, ಸರಿ. ಆದರೆ ಆ ಕಿಟಕಿ, ಆ ಬೆಂಚು, ಆ ಜನ ಇಲ್ಲದ ದೊಡ್ಡಮ್ಮನನ್ನು ನಾನು ಕಂಡಿದ್ದೇ ಇಲ್ಲ. ಬೇಡವೆಂದು ಈಗ ಉಳಿದುಬಿಟ್ಟರೆ ಇನ್ನು ಯಾವತ್ತೂ ಹೋಗುವುದಿಲ್ಲ, ಅವಳ ಹಟ ನನಗೆ ಗೊತ್ತು. "ಎಲ್ಲರಿಗಿಂತ ಮೊದಲೇ ಹೋಗಿ ಕೂರೋಣ, ಹೊಳೆನರಸೀಪುರದವರ ಥರ" ಎಂದು ಗೋಗರೆದು ಒಪ್ಪಿಸಿದೆ.

ಭಾನುವಾರ ಬೆಳಕು ಹರಿಯುವ ಮೊದಲೇ ದೊಡ್ಡಮ್ಮ ಗಂಜಿ ಹಾಕಿದ ಸೀರೆಯುಟ್ಟು ಸಿದ್ಧಳಾಗಿದ್ದಳು. ಆಟೋ ಕೂಡ ಹೇಳಿದ ಹೊತ್ತಿಗೆ ಬಂತು. ಆದರೆ ಹಾಸನದಲ್ಲಿ ಯಾವ ರಸ್ತೆಯನ್ನು ಯಾವಾಗ ಅಗೆಯುತ್ತಾರೆಂದು ಬಲ್ಲವರಾರು? ಈಗ ನಾವಿರುವ ಬಡಾವಣೆಯ ಬೀದಿಯ ತುದಿಯಲ್ಲಿ ಚರಂಡಿಗೆಂದು ಗುಂಡಿ ತೋಡಿ ಮಣ್ಣು ಸುರಿದಿದ್ದರು. ಆಟೋದವನು ಹಿಂದಕ್ಕೆ ತಿರುಗಿಸಿ, ಇನ್ನೊಂದು ಬೀದಿಗೆ ನುಗ್ಗಿದರೆ ಅಲ್ಲಿ ಮದುವೆಯ ಶಾಮಿಯಾನ. ಮೂರನೆಯದರಲ್ಲಿ ನೀರಿನ ಟ್ಯಾಂಕರು. "ಒಸಿ ತಡ್ಕಳಿ ಸಾ, ಒಯ್ತೀನಿ" ಎನ್ನುತ್ತಾ ಅವನು ಊರೆಲ್ಲ ಸುತ್ತಿಸಿದ. ಚರ್ಚಿನ ಗಂಟೆ ದೂರದಿಂದ ಕೇಳಿದಾಗ ದೊಡ್ಡಮ್ಮ ಕೈಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಗೇಟಿಗೆ ಬಂದಾಗ ಒಳಗೆ ಮೂರನೇ ಚರಣ ನಡೆಯುತ್ತಿತ್ತು. ವಾಕರ್ ಇಳಿಸಿ, ಅವಳನ್ನು ಇಳಿಸಿ, ಅಂಗಳ ದಾಟಿ ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ನಾಲ್ಕನೇ ಚರಣ ಬಂತು, ಮುಗಿಯಿತು. ಕೀಬೋರ್ಡ್ ನಿಂತಿತು. ಒಳಗಿನ ಆ ಮೌನ ಅಂಗಳಕ್ಕೂ ಬಂದು ನಿಂತ ಹಾಗಾಯಿತು.

"ಮುಗೀತು" ಅಂದಳು ದೊಡ್ಡಮ್ಮ. "ನಡಿ, ಮನೆಗೆ ಹೋಗೋಣ."

ನಾನು ಕಿಟಕಿಯ ಕಡೆ ನೋಡಿದೆ. ಕಿಟಕಿಯಲ್ಲಿ ಪ್ರೇರಣಾ. ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಿದ್ದಳು, ಥೇಟು ದೊಡ್ಡಮ್ಮನ ಹಾಗೆ. ಮರುಗಳಿಗೆ ಕೀಬೋರ್ಡ್ ಮತ್ತೆ ಶುರುವಾಯಿತು. ನಾಲ್ಕನೇ ಚರಣ. ಇಡೀ ಸಭೆ ಅದಕ್ಕಾಗಿಯೇ ಉಸಿರು ಹಿಡಿದು ನಿಂತಿತ್ತೇನೋ ಎನ್ನುವ ಹಾಗೆ ಒಟ್ಟಿಗೆ ಎತ್ತಿಕೊಂಡಿತು. ಎಲ್ಲರಿಗಿಂತ ಮೇಲೆ, ಶ್ರುತಿಗೂ ತಾಳಕ್ಕೂ ಸಿಗದೆ, ಒಂದು ಒಡಕು ದನಿ. ಅದು ಸಮುವೇಲಪ್ಪನವರದು. ಆ ದನಿಯನ್ನು ನಾನು ಸಂತೆಯಲ್ಲಾದರೂ ಗುರುತು ಹಿಡಿಯುತ್ತೇನೆ.

ದೊಡ್ಡಮ್ಮ ಒಂದು ಮೆಟ್ಟಿಲು ಹತ್ತಿ ನಿಂತಳು. ಆಯಾಸಕ್ಕಲ್ಲ. ಕಿವಿಗೊಟ್ಟು ಕೇಳುತ್ತಿದ್ದಳು.

"ಹೊರಗಿಂದ ಇದು ಹೀಗ್ ಕೇಳ್ಸತ್ತಾ?" ಅಂದಳು.

ಅವಳು ಯಾವಾಗಲೂ ಒಳಗಿದ್ದವಳು. ನಾನೂ ಅಷ್ಟೇ, ಅವಳ ಜೊತೆಗೇ ಬರುತ್ತಿದ್ದವನು. ಇಷ್ಟು ವರ್ಷ ನುಡಿಸಿದ, ಹಾಡಿದ ಆ ಚರಣವನ್ನು ಮೆಟ್ಟಿಲ ಮೇಲೆ ನಿಂತು ನಾವಿಬ್ಬರೂ ಒಮ್ಮೆಯೂ ಕೇಳಿರಲಿಲ್ಲ.

"ಕರೆದ ಹಾಗೇ ಇದೆಯಲ್ಲೋ" ಎಂದು ಹೇಳಿ ದೊಡ್ಡಮ್ಮ ಅತ್ತೇಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಅಳುತ್ತಲೇ ಇಬ್ಬರೂ ಮೆಟ್ಟಿಲು ಹತ್ತಿದೆವು. ಒಳಗೆ ಚರಣ ಮುಗಿಯುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ವಾಕರಿನ ಟಕ್ ಟಕ್ ನನ್ನ ಕಿವಿಗೇ ಬೀಳಲಿಲ್ಲ, ಇನ್ನು ಬೇರೆಯವರಿಗೆಲ್ಲಿ? ಬಾಗಿಲು ದಾಟಿದಾಗ ಕಂಡದ್ದು ಬರೀ ಬೆನ್ನುಗಳು. ಬಿಳೀ ಶರ್ಟು, ರೇಷ್ಮೆ ಸೆರಗು, ಮಲ್ಲಿಗೆ ಮುಡಿದ ಜಡೆ. ಒಬ್ಬರೂ ತಿರುಗಿ ನೋಡಲಿಲ್ಲ. ಹಿಂದಿನ ಬೆಂಚಿನ ಅರಕಲಗೂಡಿನವರು ಹಾಡುತ್ತಲೇ ಒಂದಿಷ್ಟು ಸರಿದರು. ದೊಡ್ಡಮ್ಮ ಅಲ್ಲಿ ನಿಂತು ಕೊನೆಯ ಸಾಲನ್ನು ಹಾಡಿದಳು. ಆಗ ಕೀಬೋರ್ಡ್ ನಿಂತಿತು.

ಅವತ್ತು ಅಯ್ಯನವರ ಪ್ರಸಂಗ, ಅಂದರೆ ಉಪದೇಶದ ಭಾಷಣ, ಬಹಳ ಚಿಕ್ಕದಾಗಿತ್ತು. ತಮಿಳಿನವರಿಗೆ ಸರಿಯಾದ ಹೊತ್ತಿಗೆ ಜಾಗ ಸಿಕ್ಕಿತು. ಈಗ ಮೊದಲನೇ ಭಾನುವಾರಗಳಲ್ಲಿ ಅದೇ ಪದ್ಧತಿಯಾಗಿದೆ, ಹಾಡು ಉದ್ದ, ಪ್ರಸಂಗ ಗಿಡ್ಡ. ಇಡೀ ಸಭೆಗೆ ಇದರಿಂದ ಎಷ್ಟು ಸಂತೋಷವಾಗಿದೆ ಎನ್ನುವುದನ್ನು ಅಯ್ಯನವರಿಗೆ ಯಾರೂ ಹೇಳಿಲ್ಲ.

ಆರಾಧನೆಯ ನಂತರ ಅಯ್ಯನವರು ದೊಡ್ಡಮ್ಮನ ಹತ್ತಿರ ಬಂದರು. ಅವಳು ಏಳಲು ಹೋಗಿ, "ತಡವಾಗಿಬಿಡ್ತು ಅಯ್ಯನವರೇ" ಅಂದಳು.

"ಎಲ್ಲಿ ತಡ ಅಜ್ಜಿ" ಅಂದರು ಅವರು. "ನಾವೂ ಈಗ್ತಾನೆ ಬಂದ್ವಿ."

ಆ ಮಾತು ಅವರಿಗೆ ಯಾರಾದರೂ ಹೇಳಿಕೊಟ್ಟಿದ್ದರೋ, ತಾನಾಗಿ ಬಂತೋ, ನಾನು ಕೇಳಲು ಹೋಗಲಿಲ್ಲ. ಅಷ್ಟರಲ್ಲಿ ಸಮುವೇಲಪ್ಪ ಕೋಲೂರಿಕೊಂಡು ಬಂದು, ಹಲ್ಲಿಲ್ಲದ ಬಾಯಗಲಿಸಿ, ಇಡೀ ಚರ್ಚಿಗೆ ಕೇಳುವ ಹಾಗೆ ವಿಚಾರಿಸಿದರು.

"ಏನ್ ಟೀಚರಮ್ಮ, ಇವತ್ತು ಬಸ್ಸು ಲೇಟಾ?"

ದೊಡ್ಡಮ್ಮ ನಕ್ಕ ನಗುವಿಗೆ ವಾಕರೇ ಅಲುಗಾಡಿತು.

ಹೊರಗೆ ಬಂದಾಗ ಸಮುವೇಲಪ್ಪ ನನ್ನ ಕೈ ಹಿಡಿದುಕೊಂಡು, "ಸಭೇದು ಇತಿಹಾಸ ಬರೀತಿದೀಯಂತೆ? ನಮ್ಮಟ್ಟಿಗ್ ಬಾ ಮಗ. ಉಂಡ್ಕಂಡು ಓಗೀವಂತೆ, ಎಲ್ಲಾ ಯೋಳ್ತೀನಿ. ಜೇನುಳದ್ದು ಗೊತ್ತೇನ್ಲಾ ನಿಂಗೆ?" ಅಂದರು. ಬಾಳೆಹಣ್ಣು ಹಿಡಿದುಕೊಂಡು ನಾನು ಈಗ ಹೊರಟಿರುವುದು ಅಲ್ಲಿಗೇ. ಪುಟ ಇನ್ನೂ ಖಾಲಿಯಿದೆ. ಆದರೆ ಏನು ಬರೆಯಬೇಕೆಂಬ ಚಿಂತೆ ಈಗ ಇಲ್ಲ. ಅಡಿಗಲ್ಲು ಇಟ್ಟವರ ಹೆಸರು ಸಿಕ್ಕದಿದ್ದರೂ ಪರವಾಗಿಲ್ಲ.

ಅಗೋ, ಕಂಡಕ್ಟರು ಟೀ ಲೋಟ ಇಟ್ಟು ಬಂದ. ಡ್ರೈವರು ಎಂಜಿನ್ ಚಾಲೂ ಮಾಡಿದ. ಬಸ್ಸು ನಿಧಾನವಾಗಿ ಹಿಂದಕ್ಕೆ ಸರಿದು ತಿರುಗುತ್ತಿದೆ. ಕಿಟಕಿಯಾಚೆ ನೋಡುತ್ತೇನೆ, ಪ್ಲಾಟ್‌ಫಾರ್ಮಿನ ಆ ತುದಿಯಿಂದ ಒಬ್ಬ ಹೆಂಗಸು ಭುಜದ ಮೇಲೆ ಮಗು ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಓಡಿಬರುತ್ತಿದ್ದಾಳೆ. ಕೂಗಿದರೂ ಅವಳ ದನಿ ಈ ಗಲಾಟೆಯಲ್ಲಿ ಯಾರಿಗೂ ಕೇಳುವಂತಿಲ್ಲ. ಕಂಡಕ್ಟರು ಸೀಟಿ ಬಾಯಿಗಿಟ್ಟ.

ನಾನು ಬಾಳೆಹಣ್ಣಿನ ಚೀಲವನ್ನು ಪಕ್ಕದ ಯಜಮಾನರ ತೊಡೆಯ ಮೇಲೆ ಹಾಕಿ ಎದ್ದು ನಿಂತೆ. ಕಂಬಿ ಹಿಡಿದುಕೊಂಡು, ಚರ್ಚಿನಲ್ಲಿ ಕೂಡ ಎಂದೂ ಹೊರಡಿಸದ ದನಿಯಲ್ಲಿ ಕೂಗಿದೆ. "ನಿಲ್ಸಿ, ನಿಲ್ಸಿ! ಬರ್ತಿದಾರೆ!"

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

"ನಿಮ್ಮೋರಾ ಸಾ?"

"ಹೂಂ" ಅಂದೆ. "ನಮ್ಮೋರೇ."